ತೋಳಿನ ಒಳಮಡಿಕೆ

ಸೈನಿಕರ ಅಂಗಿಯ ಒಂದು ಪ್ಯಾಚು ಹಳೆಯದೋ ಹೊಸದೋ ಎಂದು ತಿಳಿಯಲು ನಾನು ಮೊದಲು ಅದರ ಬೆನ್ನು ನೋಡುತ್ತೇನೆ. ಮುಖವನ್ನು ಯಾರು ಬೇಕಾದರೂ ಹಳೆಯದು ಮಾಡಬಹುದು. ಚಹದ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ನಾಲ್ಕು ಸಲ ಕಲ್ಲಿಗೆ ಉಜ್ಜಿದರೆ ಮುಗಿಯಿತು. ಬೆನ್ನಿಗೆ ಹಾಗೆ ಮಾಡಲು ಬರುವುದಿಲ್ಲ. ಹೊಲಿದವನು ದಾರವನ್ನು ಎಲ್ಲಿ ಗಂಟು ಹಾಕಿದ, ಎಲ್ಲಿ ಅವಸರ ಮಾಡಿದ, ಎಲ್ಲಿ ದಾರ ಮುಗಿದು ಬೇರೆ ಬಣ್ಣದ್ದನ್ನು ಜೋಡಿಸಿದ, ಎಲ್ಲ ಅಲ್ಲಿರುತ್ತದೆ. ಇಷ್ಟು ತಿಳಿದ ನಾನು, ಸ್ವಂತ ಅಕ್ಕ ಕೊಟ್ಟ ಒಂದು ಅಂಗಿತೋಳಿನ ಒಳಬದಿಯನ್ನು ನೋಡಿಯೂ ನೋಡದವನ ಹಾಗೆ ಕತ್ತರಿಸಿ ಎಸೆದೆ. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ನನ್ನದು ಕಾರವಾರದಲ್ಲಿ ಒಂದೇ ಮಶೀನಿನ ಹೊಲಿಗೆ ಅಂಗಡಿ. ಓದಿದ್ದು ಏಳನೇ ಇಯತ್ತೆ. ನೌಕಾನೆಲೆಯ ಹುಡುಗರ ಅಂಗಿಗೆ ಹೆಸರಿನ ಪಟ್ಟಿ, ತೋಳಿನ ಗುರುತು ಹೊಲಿಯುವುದು ನನ್ನ ಕೆಲಸ. ಅದರ ಜೊತೆಗೇ ಹತ್ತಿದ ಹುಚ್ಚು, ಎರಡನೇ ಮಹಾಯುದ್ಧದ ಕಾಲದ ಪ್ಯಾಚುಗಳನ್ನು ಕೂಡಿಸುವುದು. ಆಗಿನ ಸೈನಿಕರು ತೋಳಿಗೆ ತಮ್ಮ ದಳದ ಗುರುತನ್ನು ಬಟ್ಟೆಯಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಒಂದು ದಳಕ್ಕೆ ಹುಲಿ, ಒಂದಕ್ಕೆ ಹುಂಜ, ಒಂದಕ್ಕೆ ಕಠಾರಿ. ಅಕ್ಷರವಿಲ್ಲ, ಬರೀ ಚಿತ್ರ. ಹಾಗಾಗಿಯೇ ನನ್ನಂಥವನ ಕೈಗೂ ದಕ್ಕಿತು. ಗುಜರಿಯವರಿಂದ, ಹಳೆ ಟ್ರಂಕುಗಳಿಂದ ಸಿಕ್ಕಿದ್ದನ್ನು ಜೋಪಾನ ಮಾಡಿದೆ. ಮೊಬೈಲಿನಲ್ಲಿ ಇಂಥದ್ದೇ ಹುಚ್ಚಿನವರ ಒಂದು ಗುಂಪಿದೆ. ಅವರೆಲ್ಲ ದೊಡ್ಡ ಓದಿನವರು. ಆದರೆ ಹೊಲಿಗೆಯ ವಿಷಯ ಬಂದಾಗ ನನ್ನನ್ನೇ ಕೇಳುತ್ತಾರೆ.

ನಮ್ಮ ಮೂಲ ಮನೆ ಚೆಂಡಿಯಾದಲ್ಲಿತ್ತು. ಜಾಗ ನೌಕಾನೆಲೆಗೆ ಹೋದಾಗ ನಾನು ಕಾರವಾರಕ್ಕೆ ಬಂದೆ. ಅವ್ವ ತನ್ನ ಟ್ರಂಕಿನ ಜೊತೆ ಅವರ್ಸಾದಲ್ಲಿದ್ದ ಅಕ್ಕನ ಮನೆ ಸೇರಿದಳು, ಅಲ್ಲೇ ತೀರಿಕೊಂಡಳು. ಆ ಟ್ರಂಕಿನ ತಳದಲ್ಲಿ ಖಾಕಿ ಅಂಗಿಯ ಒಂದು ಅರ್ಧತೋಳು ಇತ್ತು. ಅದು ಅವ್ವನ ಅಣ್ಣನದು, ಅಂದರೆ ನಮ್ಮ ಸೋದರಮಾವನದು. ಅವನು ಯುದ್ಧಕ್ಕೆ ಸೇರಿ, ಒಮ್ಮೆ ರಜೆಗೆ ಬಂದು, ಒಂದು ಹಳೆ ಅಂಗಿ ಬಿಟ್ಟು ಹೋದ. ತಿರುಗಿ ಬರಲಿಲ್ಲ. ಸತ್ತನೆಂದು ಯಾರಿಂದಲೂ ಕಾಗದ ಬರಲಿಲ್ಲ. ಊರಿನವರು, ಅವ ಸೈನ್ಯ ಬಿಟ್ಟು ಓಡಿ ಬರ್ಮಾದಲ್ಲೇ ಹೆಂಡತಿ ಮಾಡಿಕೊಂಡು ಉಳಿದ ಎಂದರು. ಅವ್ವನ ಎದುರಿಗೇ ಅಂದರು. ಅಂಗಿಯ ಉಳಿದ ಭಾಗವೆಲ್ಲ ಗೆದ್ದಲಿಗೆ ಹೋಗಿ ಈ ಒಂದು ತೋಳು ಉಳಿದಿತ್ತು.

ಅವ್ವನ ತವರಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಮಹಾಲಯ ಪಕ್ಷದಲ್ಲಿ ಅವಳ ಅಪ್ಪ ಅವ್ವನಿಗೆ ನಮ್ಮ ಮನೆಯಲ್ಲೇ ಎಡೆ ಹಾಕುತ್ತಿದ್ದಳು. ಅಣ್ಣನಿಗೆ ಮಾತ್ರ ಹಾಕಲಿಲ್ಲ. "ನಿಕ್ಕಿ ಗೊತ್ತಾಗದೆ ಹಾಕ್ಬೇಡಿ" ಎಂದು ಅಕ್ಕನಿಂದ ಮಾತು ತೆಗೆದುಕೊಂಡು ಸತ್ತಳು. ನಿಕ್ಕಿ ಅಂದರೆ ಖಚಿತ. ಮಾವ ಬೇರೆ ಕಡೆ ಸಂಸಾರ ಮಾಡಿದ್ದರೆ ಅವನ ಮಕ್ಕಳು ಎಡೆ ಹಾಕುತ್ತಾರೆ. ಯುದ್ಧದಲ್ಲಿ ಸತ್ತಿದ್ದರೆ ಅವನಿಗೆ ಹಾಕುವವರು ಯಾರೂ ಇಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯಬೇಕಿತ್ತು. ಅಕ್ಕನಿಗೆ ಎಪ್ಪತ್ತು ದಾಟಿದ ಮೇಲೆ ಅದೊಂದೇ ಯೋಚನೆಯಾಯಿತು.

ಆ ವರ್ಷ ಮೇ ತಿಂಗಳಲ್ಲಿ ನಾನು ಅವರ್ಸಾಕ್ಕೆ ಹೋದಾಗ ತೋಳನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು.

"ತಮಾ, ನಿಂಗೆ ಇಂಥದ್ದೆಲ್ಲ ಗೊತ್ತಾಗ್ತದಲ್ಲ. ಇದು ಯಾವ ಪಡೆ ನೋಡು. ಎಲ್ಲಾ ಇದ್ರಲ್ಲೇ ಅದೆ ಅಂತ ಅವ್ವ ಹೇಳ್ತಿದ್ಲು."

"ನೋಡ್ತೆ ಅಕ್ಕಾ."

"ನಿನ್ನ ನೋಡ್ತೆ ನಂಗೆ ಗೊತ್ತದೆ. ನನ್ನ ರವಿಕೆ ಎರಡು ವರ್ಷದಿಂದ ನಿನ್ನ ಅಂಗಡೀಲೇ ಅದೆ."

"ಈ ಸಲ ಹಾಂಗೆ ಮಾಡೂದಿಲ್ಲ."

"ಎಲ್ಲಾ ಇದ್ರಲ್ಲೇ ಅದೆ" ಎಂದು ಅವಳು ಹೇಳಿದ್ದು ಪ್ಯಾಚಿನ ಬಗ್ಗೆ ಎಂದು ನಾನು ತಿಳಿದೆ. ಸುತ್ತು ಬಿಚ್ಚಿದಾಗ ಕಂಡ ಪ್ಯಾಚು ನನಗೆ ಬೇರೆ ಯಾವುದನ್ನೂ ಯೋಚಿಸಲು ಬಿಡಲಿಲ್ಲ. ನೀಲಿ ನೆಲದ ಮೇಲೆ ಓರೆಯಾಗಿ ಇಳಿದ ಬಿಳಿ ಮಿಂಚು. ಚಿತ್ರದಲ್ಲಿ ಮಾತ್ರ ನೋಡಿದ್ದೆ. ಬರ್ಮಾದ ಕಡೆ ಹೋರಾಡಿದ ಒಂದು ದಳ ಮೊದಲು ಮಿಂಚಿನ ಗುರುತು ಹಾಕಿಕೊಂಡಿತ್ತು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಕಪ್ಪು ಬೆಕ್ಕನ್ನು ಹಾಕಿಕೊಂಡಿತು. ಬೆಕ್ಕು ಅಲ್ಲಲ್ಲಿ ಸಿಗುತ್ತದೆ. ಮಿಂಚು ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರ ಬಳಿಯೂ ಇರಲಿಲ್ಲ.

ಮೂರು ದಿನ ಬೇರೆ ಹೊಲಿಗೆ ಮುಟ್ಟಲಿಲ್ಲ. ಮೊದಲ ದಿನ ಬಟ್ಟೆಯ ಪರೀಕ್ಷೆ. ನೀಲಿ ಬಟ್ಟೆ ಬನಾತು, ಅಂದರೆ ಉಣ್ಣೆಯನ್ನು ಒತ್ತಿ ಮಾಡಿದ್ದು. ಅಂಚಿನಿಂದ ಒಂದು ಕೂದಲಿನಷ್ಟು ಎಳೆ ತೆಗೆದು ಸುಟ್ಟೆ. ತಲೆಗೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಈಗಿನ ನಕಲಿಯಾಗಿದ್ದರೆ ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗುಂಡಗಾಗುತ್ತಿತ್ತು. ಮಿಂಚನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಕತ್ತರಿಸಿ ಅಂಚಿಗೆ ಸರಪಳಿ ಹೊಲಿಗೆ ಹಾಕಿದ್ದರು. ಹೊಲಿಗೆ ಒಂದೇ ಸಮ ಇರಲಿಲ್ಲ, ತಿರುವಿನಲ್ಲಿ ಕಿರಿದಾಗಿ ನೇರದಲ್ಲಿ ಉದ್ದವಾಗಿತ್ತು. ಕೈಯ ಹೊಲಿಗೆ, ಯಾವುದೋ ದಂಡಿನ ಪೇಟೆಯ ದರ್ಜಿಯದು. ಒಂದು ದಿನಕ್ಕೆ ಇಂಥವು ನೂರು ಹೊಲಿದು ಅವನಿಗೂ ಬೆನ್ನು ನೊಂದಿರಬೇಕು.

ಎರಡನೇ ದಿನ ದೀಪದ ಪರೀಕ್ಷೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಟಾರ್ಚು ನನ್ನಲ್ಲಿದೆ. ಹಗಲಿನಲ್ಲೇ ಕಪ್ಪು ಅಸ್ತರಿನ ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಹಳೆ ಫೋಟೋದವರ ಹಾಗೆ ಒಳಗೆ ಬಗ್ಗಿ ನೋಡುತ್ತೇನೆ. ಈಗಿನ ದಾರಕ್ಕೆ ಬಿಳಿ ಮಾಡುವ ಔಷಧಿ ಹಾಕಿರುತ್ತಾರೆ, ಅದು ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಯುದ್ಧಕಾಲದ ದಾರ ಹೊಳೆಯುವುದಿಲ್ಲ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಮ್ಮೆ ಒಗೆದರೆ ಹಳೆಯದೂ ಹೊಳೆಯುತ್ತದೆ, ಅದರಿಂದ ಎಷ್ಟೋ ಒಳ್ಳೆಯ ಪ್ಯಾಚುಗಳು ಹೆಸರು ಕೆಡಿಸಿಕೊಂಡಿವೆ. ಅವ್ವ ಇದನ್ನು ಒಗೆದಿರಲಿಲ್ಲ. ಮಿಂಚು ಮಂಕಾಗಿ ಕುಳಿತಿತ್ತು. ಬಟ್ಟೆ ಹೊದ್ದುಕೊಂಡೇ ನಕ್ಕೆ. ಪಕ್ಕದ ಅಂಗಡಿಯವಳು ಇಣುಕಿ, "ಟೇಲರ್ ಮಾಮಾ, ಭೂತ ಬಂತನಾ?" ಎಂದು ಕೇಳಿದಳು.

ಆ ದಿನವೇ ಎಡಗೈಯಲ್ಲಿ ತೋಳನ್ನು ಹಿಡಿದು, ಬಲಗೈಯಲ್ಲಿ ಮೊಬೈಲು ಹಿಡಿದು ಫೋಟೋ ತೆಗೆದು ಗುಂಪಿಗೆ ಕಳಿಸಿದೆ. ಒಂದೇ ಗಳಿಗೆಯಲ್ಲಿ ಹತ್ತಾರು ಜನ ಮಾತಾಡಿದರು. ಪುಣೆಯ ಕಡೆಯ ಹಿರಿಯ ಸಂಗ್ರಾಹಕರು, ಯಾರನ್ನೂ ಹೊಗಳದವರು, "ಬಟ್ಟೆಯಿಂದ ಬಿಚ್ಚಿ ಬೆನ್ನು ತೋರಿಸಿ, ಆಮೇಲೆ ನಂಬುತ್ತೇನೆ" ಎಂದು ಬರೆದರು.

ಮೂರನೇ ದಿನ ಬಿಚ್ಚಿದೆ. ನಮ್ಮಲ್ಲಿ ಪ್ಯಾಚನ್ನು ಬಟ್ಟೆಯಿಂದ ಬಿಡಿಸಿ ಇಡುವುದೇ ರೂಢಿ. ಕಾಗದದ ಮೇಲೆ ಚಪ್ಪಟೆಯಾಗಿ ಅಂಟದೆ ಕೂರಬೇಕು, ಮುಖ ಬೆನ್ನು ಎರಡೂ ಕಾಣಬೇಕು. ಟೇಲರನಿಗೆ ಬಿಚ್ಚುವುದು ಕಷ್ಟವೂ ಅಲ್ಲ. ತೋಳನ್ನು ಒಳಗು ಹೊರಗು ಮಾಡಿ, ಅರ್ಧ ಬ್ಲೇಡಿನಿಂದ ಮೂರು ಹೊಲಿಗೆಗೆ ಒಂದರಂತೆ ಕೊಯ್ದು ಬಂದರೆ ದಾರ ತಾನೇ ಎದ್ದು ಬರುತ್ತದೆ. ಆದರೆ ಆ ದಾರ ಬಟ್ಟೆಯನ್ನು ಕಚ್ಚಿ ಕುಳಿತಿತ್ತು. ಪ್ಯಾಚಿಗೆ ಪೆಟ್ಟಾದೀತೆಂದು ಸುತ್ತಲಿನ ಖಾಕಿಯನ್ನೇ ಕತ್ತರಿಯಿಂದ ಕತ್ತರಿಸಿದೆ. ಹಾಗೆ ಮಾಡುವಾಗ ತೋಳಿನ ಅಂಚಿನ ಒಳಮಡಿಕೆ ಬಿಚ್ಚಿಕೊಂಡಿತು. ಅಲ್ಲಿ ಕಪ್ಪು ಶಾಯಿಯಲ್ಲಿ ಏನೋ ಬರೆದಿತ್ತು.

ನೋಡಿದೆ. ಕಾಣಲಿಲ್ಲ ಎಂದು ಹೇಳಲಾರೆ. ಇಂಗ್ಲಿಷ್ ಅಂಕೆಗಳ ಒಂದು ಸಾಲು. ಧೋಬಿಯ ಗುರುತು ಅಂದುಕೊಂಡೆ. ನನ್ನ ಕಣ್ಣು ಪ್ಯಾಚಿನ ಬೆನ್ನಿಗಾಗಿ ಕಾಯುತ್ತಿತ್ತು. ಬೆನ್ನು ಸಿಕ್ಕಿತು. ಗಂಜಿ ಹಚ್ಚಿ ಅಂಟಿಸಿದ ಹಳೆ ಕಾಗದ, ಮಾಸದ ಕಡು ನೀಲಿ, ಮುಂಬದಿಗಿಂತ ಎರಡು ಪಟ್ಟು ಗಾಢ. ಪುಣೆಯವರು, "ಅಸಲಿ. ನಿಮ್ಮ ಕಣ್ಣಿಗೆ ನಮಸ್ಕಾರ" ಎಂದು ಬರೆದರು. ಅಷ್ಟು ಹೊತ್ತಿಗೆ ಖಾಕಿಯ ಚೂರುಗಳು ಮಶೀನಿನ ಕೆಳಗಿನ ಚಿಂದಿಯ ಚೀಲ ಸೇರಿದ್ದವು. ಒಂದು ಚೂರಿನಿಂದ ನಾನೇ ಬಾಬಿನ್ ಕೇಸಿನ ಎಣ್ಣೆ ಒರೆಸಿದ್ದು ನೆನಪಿದೆ. ಆ ಚೂರೇ ಹೌದೋ ಅಲ್ಲವೋ ಗೊತ್ತಿಲ್ಲ.

ಮರುವಾರ ಅಕ್ಕನಿಗೆ ಫೋನಿನಲ್ಲಿ ದಳದ ವಿಷಯ ಹೇಳಿದೆ. ಅದು ಬರ್ಮಾಕ್ಕೆ ಹೋದದ್ದು, ಹಿಂದೆ ಸರಿದು ಬರುವಾಗ ಹೊಳೆಯ ದಂಡೆಯಲ್ಲಿ ಬಹಳ ಜನ ಸತ್ತದ್ದು ಎಲ್ಲ ಹೇಳಿದೆ. ಅವಳು "ಹಾಂಗಾದ್ರೆ ಓಡಿ ಹೋದವ ಅಲ್ಲ" ಎಂದಳು.

"ಅದು ಪ್ಯಾಚಿನಿಂದ ಗೊತ್ತಾಗೂದಿಲ್ಲ ಅಕ್ಕಾ."

"ಮತ್ತೆ ಎಂತದ್ರಿಂದ ಗೊತ್ತಾಗ್ತದೆ?"

ಅದಕ್ಕೆ ಉತ್ತರ ಸಿಕ್ಕಿದ್ದು ಆಗಸ್ಟಿನಲ್ಲಿ. ನನ್ನ ಅಂಗಡಿಗೆ ಬರುವ ಒಬ್ಬ ನಿವೃತ್ತ ಹವಾಲ್ದಾರರು ಕೋಟಿಗೆ ಪದಕದ ಪಟ್ಟಿ ಹೊಲಿಸಲು ಬಂದಿದ್ದರು. ಮಿಂಚನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಮಾವನ ಕತೆ ಕೇಳಿ, ತಲೆ ಆಡಿಸಿದರು.

"ಅರೇ ಟೇಲರ್, ಪ್ಯಾಚು ಅಂದ್ರೆ ಓಣಿ. ಮನೆ ಯಾವ್ದು ಅಂತ ಗೊತ್ತಾಗ್ಬೇಕಂದ್ರೆ ನಂಬರ್ ಬೇಕು. ಸತ್ತವರ ಪಟ್ಟಿ ಈಗ ಮೊಬೈಲಲ್ಲೇ ಸಿಗ್ತದೆ. ನಿಮ್ಮ ಮಾವನ ಹೆಸ್ರಿನವ್ರು ಅದ್ರಲ್ಲಿ ಎಷ್ಟು ಜನ ಇದ್ದಾರೋ. ಎಷ್ಟೋ ಜನ್ರ ಮುಂದೆ ಊರಿಲ್ಲ, ಅಪ್ಪನ ಹೆಸ್ರಿಲ್ಲ. ನಂಬರ್ ಕೊಡಿ, ಐದು ನಿಮಿಷದ ಕೆಲ್ಸ."

"ನಂಬರ್ ಎಲ್ಲಿರ್ತದೆ?"

"ಬಟ್ಟೆ ಮೇಲೆ ರೇ. ಹಾಕ್ದೆ ಇದ್ರೆ ನಿಮ್ಮ ಚಡ್ಡಿ ಧೋಬಿಯಿಂದ ಬಂದು ಇನ್ನೊಬ್ಬ ತೊಡ್ತಾನೆ. ನಾವೂ ಹಾಕ್ತಿದ್ವಿ. ಕಾಲರ್ ಒಳಗೆ, ತೋಳಿನ ಒಳಗೆ."

ಅವರು ಹೋದ ಮೇಲೆ ಮಶೀನಿನ ಕೆಳಗೆ ಕೈ ಹಾಕಿದೆ. ಚೀಲ ಹೊಸದು. ನಮ್ಮ ಕಡೆ ಟೇಲರುಗಳ ಚಿಂದಿಯೆಲ್ಲ ಬೈತಖೋಲದ ಮೀನು ಬಂದರಕ್ಕೆ ಹೋಗುತ್ತದೆ, ಟ್ರಾಲರಿನ ಇಂಜಿನ್ ಒರೆಸಲು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಇಳಿಯುವ ಮುಂಚೆ ಬಂದು ಒಯ್ಯುತ್ತಾರೆ. ನನ್ನ ಚೀಲವನ್ನೂ ಒಯ್ದಿದ್ದರು. ಮರುದಿನ ಬೆಳಿಗ್ಗೆ ಬಂದರಕ್ಕೆ ಓಡಿದೆ. ಮೀನಿನ ಹರಾಜು ನಡೆದಿತ್ತು. ನನ್ನಿಂದ ಚೀಲ ಒಯ್ದ ಇಂಜಿನ್ ಡ್ರೈವರ್ ಬೋಟಿನ ಅಂಚಿನಲ್ಲಿ ಕೂತು ಚಹ ಕುಡಿಯುತ್ತಿದ್ದ. ಖಾಕಿ ಬಟ್ಟೆಯ ಚೂರು ಬೇಕಿತ್ತು ಎಂದೆ.

"ಟೇಲರ್ ಮಾಮಾ, ಕೊಟ್ಟ ಚಿಂದಿ ವಾಪಸ್ ಕೇಳೂಕೆ ಬಂದವ ನೀನೇ ಮೊದಲ್ನೇವ. ಎಂತ, ಅದ್ರಲ್ಲಿ ಬಂಗಾರ ಸುತ್ತಿಟ್ಟಿದ್ಯಾ?"

"ಒಂದು ನಂಬರ್ ಇತ್ತು."

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದವರೂ ನಕ್ಕರು. ಆದರೂ ಅವನು ಒಳ್ಳೆಯವ. ನನ್ನನ್ನು ಇಂಜಿನಿನ ಗುಂಡಿಗೆ ಇಳಿಸಿ, ಉಳಿದಿದ್ದ ಚಿಂದಿಯನ್ನೆಲ್ಲ ಸುರಿದ. ಡೀಸೆಲ್ಲಿನಲ್ಲಿ ನೆನೆದ ಲಂಗದ ತುಂಡು, ಪ್ಯಾಂಟಿನ ತುಂಡು, ಅಸ್ತರಿನ ತುಂಡು. ಎರಡು ಗಂಟೆ ಒಂದೊಂದೇ ಬಿಚ್ಚಿ ನೋಡಿದೆ. ಖಾಕಿ ಸಿಗಲಿಲ್ಲ. "ಒರ್ಸಿ ಒರ್ಸಿ ಸಮುದ್ರಕ್ಕೆ ಬಿಸಾಕ್ತೇವೆ ಮಾಮಾ. ಇನ್ನು ಅದನ್ನೇ ಕೇಳು" ಎಂದು ಕೈ ಹಿಡಿದು ಮೇಲೆ ಎಳೆದ.

ಅದರ ಮರುದಿನ ಅಕ್ಕನ ಫೋನು ಬಂತು. ಹವಾಲ್ದಾರರು ನಂಬರಿನ ಮಾತು ಹೇಳಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳಿಗೆ ತಾನಾಗಿಯೇ ನೆನಪಾಗಿತ್ತು.

"ತಮಾ, ತೋಳಿನ ಒಳಗೆ ಮಡಿಚಿದಲ್ಲಿ ನಂಬರ್ ಅದೆಯಲ್ಲ, ಅದ್ರಿಂದ ಎಂತಾದ್ರೂ ಗೊತ್ತಾಗ್ತದಾ? ನಾನು ಸಣ್ಣೋಳಿದ್ದಾಗ ಅವ್ವ ಬಿಚ್ಚಿ ತೋರ್ಸ್ತಿದ್ಲು. ಮಾವನ ನಂಬರ್ ಅಂತಿದ್ಲು."

ಆಗ ಹೇಳಬೇಕಿತ್ತು. ಕತ್ತರಿಸಿದ್ದು ತಿಳಿಯದೆ ಆದ ತಪ್ಪು, ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬೈಯುತ್ತಿದ್ದಳು, ಅಳುತ್ತಿದ್ದಳು, ಅಷ್ಟೇ. ಆದರೆ ನನಗೆ ಇಡೀ ಗುಂಪಿನವರು ನಮಸ್ಕಾರ ಹೇಳಿ ಮೂರು ತಿಂಗಳಾಗಿತ್ತು. ಆ ಕಣ್ಣೇ ನಂಬರನ್ನು ಚಿಂದಿಗೆ ಹಾಕಿತು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಎಂತ ನಂಬರೂ ಇರ್ಲಿಲ್ಲ ಅಕ್ಕಾ" ಎಂದೆ. "ಬಟ್ಟೆ ಹಿಟ್ಟಾಗಿ ಹೋಗಿತ್ತು. ಪ್ಯಾಚು ಒಂದೇ ಉಳೀತು."

"ಇರ್ಲಿಲ್ವಾ? ಸರಿ ನೋಡಿದ್ಯಾ?"

"ನನ್ನ ಕೆಲಸವೇ ಅದಲ್ವಾ? ನಿಂಗೆ ಮರ್ತೋಗ್ಯದೆ. ಬೇರೆ ಎಂತದೋ ನೋಡಿರ್ಬೇಕು."

"ಹೌದಾ" ಎಂದಳು. ಆ ಹೌದಾ ಈಗಲೂ ಕಿವಿಯಲ್ಲಿದೆ. ವಾದ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನನ್ನು ನಂಬಿದಳು.

ಆ ವರ್ಷದ ಪಕ್ಷದಲ್ಲಿ ಮಾವನಿಗೆ ಎಡೆ ಬೀಳಲಿಲ್ಲ. ಅಷ್ಟೇ ಆಗಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಆದರೆ ಅಕ್ಕ ಆ ನಂಬರನ್ನು ಬಿಡಲಿಲ್ಲ. ಮಗನ ಹತ್ತಿರ, ಸೊಸೆಯ ಹತ್ತಿರ, "ನಾ ನೋಡಿದ್ದೆ, ಆದ್ರೆ ತಮ್ಮ ಇಲ್ಲಾ ಅಂತಾನೆ" ಎಂದು ಮತ್ತೆ ಮತ್ತೆ ಹೇಳಿದಳಂತೆ. ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದಾಗ ಹಾಲು ಉಕ್ಕಿತು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ? ಆದರೆ ಅವಳ ಮಗನಿಗೆ ಎರಡನ್ನೂ ಕೂಡಿಸಿ ಹೆದರಿಕೆಯಾಯಿತು. ಒಳ್ಳೆಯ ಮಗ, ಅಂಕೋಲೆಯಲ್ಲಿ ಕೆಲಸದಲ್ಲಿದ್ದಾನೆ. ಡಾಕ್ಟರ ಬಳಿ ಕರೆದುಕೊಂಡು ಹೋದ. ಹೋಗುವ ಮುಂಚೆ ನನಗೆ ಫೋನ್ ಮಾಡಿದ.

"ಮಾವಾ, ಅವ್ವಗೆ ಇಲ್ಲದ್ದೆಲ್ಲ ಕಂಡ ಹಾಂಗೆ ಆಗ್ತದೆ. ಆ ನಂಬರ್ ಒಂದು ಹಿಡ್ಕಂಡದೆ. ಡಾಕ್ಟ್ರು ಕೇಳಿದ್ರೆ ಹೇಳ್ಬೇಕಲ್ಲ. ನಿಜವಾಗ್ಲೂ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ" ಎಂದೆ. ಎರಡನೇ ಸಲ ಬೇಗ ಬಂತು.

ಮರೆವಿಗೆಂದು ಮಾತ್ರೆ ಕೊಟ್ಟರು. ಚಳಿಗಾಲ, ಬೇಸಿಗೆ ಎಲ್ಲ ನುಂಗಿದಳು. ಬಸ್ಸಿನಲ್ಲಿ ಒಬ್ಬಳೇ ಕಾರವಾರಕ್ಕೆ ಬರುವುದನ್ನು ಬಿಟ್ಟಳು. ನಾನು ಅವರ್ಸಾಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಪ್ಯಾಚಿನ ಕೆಲಸದಲ್ಲೂ ಕೈ ಸೋತಿತು. ಟಾರ್ಚು, ಕಪ್ಪು ಬಟ್ಟೆ ಎರಡೂ ಡಬ್ಬಿಯಲ್ಲೇ ಉಳಿದವು. ಗುಂಪಿನವರು ಕೇಳಿದ್ದಕ್ಕೆ ಹೌದು ಇಲ್ಲ ಎಂದು ಉತ್ತರಿಸಿ ಮೊಬೈಲು ಕವುಚಿ ಇಡುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಪುಣೆಯವರು ಗುಂಪಿನಲ್ಲಿ ಹಳೆಯ ಫೋಟೋಗಳನ್ನು ಮತ್ತೆ ಹಾಕತೊಡಗಿದರು, ಹೊಸಬರಿಗೆ ಕಲಿಸಲೆಂದು. ಅದರಲ್ಲಿ ನನ್ನ ಮಿಂಚೂ ಬಂತು. ಬಿಚ್ಚುವುದಕ್ಕೆ ಮುಂಚೆ, ತೋಳಿನ ಜೊತೆ ತೆಗೆದದ್ದು. ನನ್ನ ಮೊಬೈಲು ಹಾಳಾಗಿ ನನ್ನಲ್ಲಿದ್ದ ಫೋಟೋ ಹೋಗಿತ್ತು, ಅವರು ಉಳಿಸಿಕೊಂಡಿದ್ದರು. ಸುಮ್ಮನೆ ದೊಡ್ಡದು ಮಾಡಿ ನೋಡಿದೆ. ಮಧ್ಯದಲ್ಲಿ ಪ್ಯಾಚು. ಕೆಳಗಿನ ಮೂಲೆಯಲ್ಲಿ, ನಾನು ಹ್ಯಾಗೆ ಹಿಡಿದಿದ್ದೆನೋ ಏನೋ, ತೋಳಿನ ಅಂಚು ಹೊರಳಿ ಒಳಮಡಿಕೆ ಸ್ವಲ್ಪ ತೆರೆದಿತ್ತು. ಕಪ್ಪು ಶಾಯಿಯ ಎರಡು ಅಂಕೆ ಸ್ಪಷ್ಟವಾಗಿ ಕಾಣುತ್ತಿದ್ದವು, ಒಂದು ಆರು, ಒಂದು ಎರಡು. ಸಾಲಿನ ಕೊನೆ ಅದು, ಆಮೇಲೆ ಬಟ್ಟೆ ಖಾಲಿ. ಅದಕ್ಕಿಂತ ಹಿಂದಿನ ಅಂಕೆಗಳ ಮೇಲೆ ನನ್ನ ಹೆಬ್ಬೆರಳು ಇತ್ತು.

ದೊಡ್ಡದು ಮಾಡಿದೆ, ಬೆಳಕು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಹೆಬ್ಬೆರಳು ಹೆಬ್ಬೆರಳಾಗಿಯೇ ಉಳಿಯಿತು. ಉಗುರಿನ ಪಕ್ಕ ಸೂಜಿ ಚುಚ್ಚಿದ ಹಳೆಯ ಗಾಯದ ಕಲೆಯೂ ಕಾಣುತ್ತಿತ್ತು.

ಮೊಬೈಲು ಹಿಡಿದು ಹವಾಲ್ದಾರರ ಮನೆಗೆ ಹೋದೆ. ಅವರು ಪಟ್ಟಿ ತೆಗೆದರು. ಮಾವನ ಹೆಸರು ನಮ್ಮ ಕಡೆ ಮನೆಗೊಂದು ಇರುವಂಥದು, ಪರದೆಯ ಮೇಲೆ ಒಂದರ ಕೆಳಗೊಂದು ಬರುತ್ತಲೇ ಇತ್ತು. ಒಂದೊಂದರ ನಂಬರನ್ನೂ ನೋಡುತ್ತ ಇಳಿದೆವು. ಆರು ಎರಡರಲ್ಲಿ ಮುಗಿಯುವವನು ಒಬ್ಬ ಸಿಕ್ಕ. ಬರ್ಮಾ. ಸಮಾಧಿ ಇಲ್ಲ, ಸ್ಮಾರಕದ ಕಲ್ಲಿನ ಮೇಲೆ ಹೆಸರು ಮಾತ್ರ. ಅಪ್ಪನ ಹೆಸರು, ಊರು, ಎರಡೂ ಕಡೆ ಖಾಲಿ.

"ಇವ್ನೇ ಅಲ್ವಾ?" ಎಂದೆ.

ಹವಾಲ್ದಾರರು ಕನ್ನಡಕ ತೆಗೆದು ಒರೆಸಿದರು. "ಆಗಿರಬಹುದು. ಕೊನೆಯ ಎರಡು ಅಂಕೆ ಸುಮ್ಮನೆ ಹೊಂದೂದೂ ಉಂಟು ಟೇಲರ್. ನಿಮ್ಮ ಮಾವ ಈ ಪಟ್ಟೀಲಿ ಇಲ್ದೇನೂ ಇರಬಹುದು. ಪೂರ್ತಿ ನಂಬರ್ ಇದ್ದಿದ್ರೆ ನಾನೇ ನಿಮ್ಮ ಅಕ್ಕನ ಮನೆಗೆ ಬಂದು ಸೆಲ್ಯೂಟ್ ಹೊಡೆದು ಹೇಳ್ತಿದ್ದೆ. ಎರಡಂಕೆಗೆ ನಾ ಹೇಳೂದಿಲ್ಲ." ಕನ್ನಡಕ ಮತ್ತೆ ಏರಿಸಿ, "ಆ ತೋಳು ಎಲ್ಲಿ?" ಎಂದರು.

ಮೊಬೈಲು ಜೇಬಿಗೆ ಹಾಕಿ ಎದ್ದು ಬಂದೆ.

ಪಕ್ಷಕ್ಕೆ ಎರಡು ವಾರ ಇತ್ತು. ಅಂಕೋಲೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಹಳೆಯ ಫೋಟೋ ಸಿಕ್ಕಿತು ಅಕ್ಕಾ, ಮಡಿಕೆಯ ಒಳಗೆ ಅಂಕೆ ಇತ್ತು ನೋಡು, ಬಟ್ಟೆ ಹಿಟ್ಟಾಗಿದ್ದರಿಂದ ಆಗ ನನಗೂ ಕಾಣಲಿಲ್ಲ. ಹೀಗೆ ಹೇಳಿದರೆ ಅವಳ ನೆನಪು ಸರಿಯೆಂದಾಗುತ್ತದೆ, ನನ್ನ ಸುಳ್ಳೂ ಉಳಿಯುತ್ತದೆ. ಚೆಂಡಿಯಾ ದಾಟುವಷ್ಟರಲ್ಲಿ ಮಾತು ಸರಿಯಾಗಿ ಕೂತಿತ್ತು. ಹೊಲಿಗೆ ಕಾಣದ ಹಾಗೆ ತೇಪೆ ಹಾಕುವುದು ನನ್ನ ಕಸುಬು.

ಅಕ್ಕ ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಳು. ನನ್ನನ್ನು ನೋಡಿ ನಕ್ಕು, ಚಹ ಮಾಡುತ್ತೇನೆಂದು ಎದ್ದಳು. ಎದ್ದವಳು ಡಬ್ಬಿಗಳ ಮುಂದೆ ನಿಂತಳು. ಎಲ್ಲ ಡಬ್ಬಿಗೂ ಚೀಟಿ ಅಂಟಿಸಿತ್ತು. ಚಹಪುಡಿ, ಸಕ್ಕರೆ, ಉಪ್ಪು. ಐವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಕತ್ತಲಲ್ಲೂ ಕೈ ಹಾಕಿ ತೆಗೆಯುತ್ತಿದ್ದವಳು ಬೆರಳಿಟ್ಟು ಓದಿದಳು. ಸಕ್ಕರೆ ತೆಗೆದು, ಮುಚ್ಚಳ ಬಿಚ್ಚಿ, ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಆಮೇಲೆ ಹಾಕಿದಳು.

"ಇದೆಲ್ಲ ಎಂತ ಅಕ್ಕಾ?"

"ಮೊಮ್ಮಗಳು ಬರ್ದು ಅಂಟಿಸಿದ್ಲು. ನನ್ನ ತಲೆ ಮೇಲೆ ನಂಗೆ ಭರವಸೆ ಇಲ್ಲ ತಮಾ. ಇಲ್ಲದ ನಂಬರ್ ಕಂಡವಳು ನಾನು. ಉಪ್ಪನ್ನ ಸಕ್ಕರೆ ಅಂತ ಹಾಕೂದು ಎಷ್ಟು ಹೊತ್ತಿನ ಮಾತು?"

ಬಸ್ಸಿನಲ್ಲಿ ಹೊಂದಿಸಿದ ಮಾತು ಬಾಯಿಗೆ ಬರಲಿಲ್ಲ.

"ನಂಬರ್ ಇತ್ತು ಅಕ್ಕಾ" ಎಂದೆ. "ನಾನು ನೋಡಿದ್ದೆ. ಧೋಬಿ ಗುರುತು ಅಂತ ಮಾಡ್ಕಂಡು ತೋಳನ್ನ ಕತ್ತರಿಸಿ ಚಿಂದಿಗೆ ಹಾಕಿದೆ. ಚಿಂದಿ ಬೈತಖೋಲಕ್ಕೆ ಹೋಯ್ತು. ನೀ ಕೇಳಿದಾಗ ನಂಗೆ ಎಲ್ಲಾ ಗೊತ್ತಿತ್ತು. ಸುಳ್ಳು ಹೇಳಿದೆ."

ಅವಳು ಒಲೆ ಆರಿಸಿದಳು. ತಿರುಗಿ ನನ್ನನ್ನು ನೋಡಿದಳು. ಕೈಯಲ್ಲಿ ಕಾಯಿತುರಿ ಅಂಟಿಕೊಂಡಿತ್ತು.

"ನನ್ನ ಡಾಕ್ಟ್ರ ಹತ್ರ ಕರ್ಕಂಡು ಹೋಗುವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮಾತ್ರೆ ನುಂಗುವಾಗ್ಲೂ?"

"ಹೌದು."

"ಎಂತ ಮನುಷ್ಯನೋ ನೀನು" ಎಂದಳು. ಜೋರಾಗಿ ಅಲ್ಲ. ನಿಜವಾಗಿಯೂ ತಿಳಿಯಬೇಕಾಗಿದ್ದವಳ ಹಾಗೆ ಕೇಳಿದಳು. ಮೊಬೈಲು ತೆಗೆದು ಫೋಟೋ ತೋರಿಸಿದೆ. ಆರು ಎರಡರ ವಿಷಯ, ಪಟ್ಟಿಯಲ್ಲಿ ಸಿಕ್ಕವನ ವಿಷಯ, ಹವಾಲ್ದಾರರು ಅಂದದ್ದು, ಒಂದನ್ನೂ ಬಿಡದೆ ಹೇಳಿದೆ. ಅವಳು ಫೋಟೋದಲ್ಲಿ ಹೆಬ್ಬೆರಳಿನ ಮೇಲೆ ತನ್ನ ಬೆರಳಿಟ್ಟು, ಸರಿಸಲು ನೋಡುವವಳ ಹಾಗೆ ಒರೆಸಿದಳು. ಚಿತ್ರ ಪಕ್ಕಕ್ಕೆ ಸರಿಯಿತು, ಹೆಬ್ಬೆರಳೂ ಅದರ ಜೊತೆ ಸರಿಯಿತು. ಮೊಬೈಲು ನನ್ನ ಕೈಗೆ ಕೊಟ್ಟು, "ಚಹ ಇಲ್ಲ. ಹೋಗು. ಪಕ್ಷದ ದಿನ ಬಾ" ಎಂದಳು.

ಆ ದಿನ ಹೋದೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು. ಅಡುಗೆಮನೆಯ ಡಬ್ಬಿಗಳಲ್ಲಿ ಚೀಟಿ ಇರಲಿಲ್ಲ, ಅಂಟಿನ ಕಲೆ ಮಾತ್ರ ಇತ್ತು. ಎಡೆ ಹಾಕುವ ಮುಂಚೆ ಅಕ್ಕ ಎಲ್ಲರನ್ನೂ ಕರೆದು ನಿಲ್ಲಿಸಿ, "ತಮಾ, ನಂಗೆ ಹೇಳಿದ್ದನ್ನ ಇವ್ರಿಗೂ ಹೇಳು" ಎಂದಳು.

ಹೇಳಿದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

"ಮಗಂಗೆ ಕೇಳ್ಲಿಲ್ಲ. ಇನ್ನೊಂದ್ಸಲ ಹೇಳು."

ಇನ್ನೊಮ್ಮೆ ಹೇಳಿದೆ. ಅವಳ ಮಗ ನನ್ನ ಮುಖ ನೋಡಲಿಲ್ಲ. ಗೋಡೆಗೆ ಒರಗಿ ನಿಂತು, "ಅವ್ವಾ, ನಾನೂ ನಂಬ್ಲಿಲ್ಲ ನಿನ್ನ" ಎಂದ.

"ನಾನೇ ನಂಬ್ಲಿಲ್ಲ. ನಿಂದೆಂತ ತಪ್ಪು?" ಎಂದಳು ಅಕ್ಕ.

ಮೂಲೆಯಲ್ಲಿ ತೊಳೆದ ಬಾಳೆ ಎಲೆಗಳಿದ್ದವು. ಅಜ್ಜನಿಗೆ ಒಂದು ಹಾಸಿದಳು, ಅಜ್ಜಿಗೆ ಒಂದು, ಅವ್ವನಿಗೆ ಒಂದು. ಮಗ ಇನ್ನೊಂದು ಎಲೆ ಎತ್ತಿಕೊಂಡು, "ಮಾವಜ್ಜಂಗೂ ಹಾಕು ಅವ್ವಾ" ಎಂದ. "ಎರಡಂಕೆ ಹೊಂದಿತಲ್ಲ. ಬರ್ಮಾ ಅಂತಲೂ ಅದೆ. ಅವನೇ ಆಗಿರ್ತಾನೆ. ಈ ವರ್ಷ ಹಾಕಿ ಮುಗಿಸ್ವಾ."

ನಾನೂ ಅದನ್ನೇ ಬಯಸುತ್ತಿದ್ದೆ. ಅವಳು ಆ ಎಲೆ ಹಾಸಿಬಿಟ್ಟರೆ ನನ್ನ ತಪ್ಪು ಎಷ್ಟೋ ಸಣ್ಣದಾಗುತ್ತಿತ್ತು. ಅಕ್ಕ ಎಲೆಯನ್ನು ಅವನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ಹಿಡಿದು ನಿಂತಳು. ಹಾಸುತ್ತಾಳೆ ಅಂದುಕೊಂಡೆ.

"ಅವ್ವಗೆ ನಿಕ್ಕಿ ಅಂತ ಮಾತು ಕೊಟ್ಟಿದ್ದೆ" ಎಂದಳು. "ಇದು ನಿಕ್ಕಿ ಅಲ್ಲ. ಗೊತ್ತಿಲ್ಲದ್ದನ್ನ ಗೊತ್ತದೆ ಅನ್ನೂಕೆ ನಂಗೆ ಬರೂದಿಲ್ಲ."

ಎಲೆಯನ್ನು ಮೂಲೆಯಲ್ಲೇ ಇಟ್ಟಳು. ಮೂರು ಎಲೆಗೆ ಬಡಿಸಿ, ಹಿರಿಯರು ಉಣ್ಣಲೆಂದು ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ಕಾದೆವು. ಆಮೇಲೆ ನಮ್ಮ ಊಟಕ್ಕೆ ಸಾಲಾಗಿ ಎಲೆ ಹಾಕಿದಾಗ, ನಾನು ಜಗಲಿಯಲ್ಲೇ ಕೂತಿದ್ದೆ. ಅಕ್ಕ ಮೂಲೆಯಲ್ಲಿ ಉಳಿದಿದ್ದ ಆ ಎಲೆಯನ್ನು ಸೆರಗಿನಿಂದ ಒರೆಸಿ, ಸಾಲಿನ ಕೊನೆಯಲ್ಲಿ ಹಾಸಿ, ನನ್ನನ್ನು ಕರೆದಳು.

"ಇದು ಒಣಗ್ತದೆ. ನೀ ಕೂತ್ಕೊ."

ಕೂತೆ. ಅವಳೇ ಬಡಿಸಿದಳು. ಸಾಕು ಎಂದು ಕೈ ಅಡ್ಡ ಹಿಡಿಯುವ ಧೈರ್ಯ ನನಗೆ ಬರಲಿಲ್ಲ, ಹಾಕಿದ್ದನ್ನೆಲ್ಲ ಉಂಡೆ.